ಹವಾಯಿಯ ಕೆಸುಗದ್ದೆಗೂ ನಮ್ಮ ನಾಗಬನಕ್ಕೂ ಕರಸೇವೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಹವಾಯಿ ದ್ವೀಪಗಳ ಹಳೆಯ ಪೂಜಾಸ್ಥಳ, ಮೀನುಕೆರೆ, ಕೆಸುಗದ್ದೆಗಳನ್ನು ಊರವರ ಜೊತೆ ಪ್ರವಾಸಿಗರೂ ಸೇರಿ ದುರಸ್ತಿ ಮಾಡುವ ಸಂಗತಿ ಬಂದಿತ್ತು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಓದುಗರಿಂದ ಅದರ ಬಗ್ಗೆ ಪ್ರಶ್ನೆಗಳು ಬಂದಿವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟು ಮಾಡಿದ್ದೇವೆ.

ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಮುಂದಿನ ವರ್ಷ ನಾವಿಬ್ಬರೂ ಹೋದಾಗ ಹವಾಯಿಗೂ ಕರೆದುಕೊಂಡು ಹೋಗುತ್ತಾಳಂತೆ. ನನಗೆ 61 ವರ್ಷ. ತೋಟದ ಕೆಲಸ ಮಾಡಿ ಅಭ್ಯಾಸ ಇದೆ, ಮೊಣಕಾಲು ಮಾತ್ರ ಅಷ್ಟು ಸರಿ ಇಲ್ಲ. ನಮ್ಮಂಥವರಿಂದ ಆಗುವ ಕೆಲಸ ಅಲ್ಲಿದೆಯೇ? (ನೀರ್ಚಾಲು)

ಧಾರಾಳ ಇದೆ. ಪತ್ರೊಡೆಗೆ ಕೆಸು ಕೊಯ್ದ ಕೈ ನಿಮ್ಮದಾದರೆ ಅರ್ಧ ಕೆಲಸ ಕಲಿತ ಹಾಗೆಯೇ. ಹವಾಯಿಯವರು ಕಲೋ ಅನ್ನುವುದು ನಮ್ಮ ಕೆಸುವನ್ನೇ. ಅವರು ಮುಖ್ಯವಾಗಿ ಗೆಡ್ಡೆಗಾಗಿ ಬೆಳೆಯುತ್ತಾರೆ. ಬೇಯಿಸಿ, ಕಲ್ಲಿನಿಂದ ಜಜ್ಜಿ, ನೀರು ಸೇರಿಸಿ ಪೊಯಿ ಎಂಬ ಗಟ್ಟಿ ಅಂಬಲಿಯಂಥದ್ದನ್ನು ಮಾಡುತ್ತಾರೆ. ಅವರ ಮೂಲಕಥೆಯಲ್ಲಿ ಹಾಲೋವ ಎಂಬ ಮಗು ಸತ್ತು ಹುಟ್ಟುತ್ತದೆ, ಹೂತ ಜಾಗದಲ್ಲಿ ಕೆಸು ಮೊಳೆಯುತ್ತದೆ. ಅದೇ ಹೆಸರಿಟ್ಟ ಎರಡನೆಯ ಮಗುವಿನಿಂದ ಮನುಷ್ಯರ ವಂಶ ಬೆಳೆಯಿತು. ಹಾಗಾಗಿ ಕೆಸು ಅವರಿಗೆ ಒಡಹುಟ್ಟಿದ ಅಣ್ಣ. ಪೊಯಿಯ ಮರಿಗೆ ತೆರೆದಿರುವಾಗ ಜಗಳವಾಡಬಾರದು ಎಂಬ ರೂಢಿಯೂ ಇದೆ.

ಕೆಸು ಬೆಳೆಯುವ ನೀರುಗದ್ದೆಗೆ ಲೋಇ ಎನ್ನುತ್ತಾರೆ. ತೋಡಿನಿಂದ ಕಣಿ ತೋಡಿ ನೀರು ತಂದು, ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿಸಿ, ಕೊನೆಗೆ ಪುನಃ ತೋಡಿಗೇ ಬಿಡುತ್ತಾರೆ. ನೀರು ನಿಂತು ಬಿಸಿಯಾದರೆ ಗೆಡ್ಡೆ ಕೊಳೆಯುತ್ತದೆ. 25 ಡಿಗ್ರಿಗಿಂತ ಕೆಳಗಿದ್ದರೆ ಒಳ್ಳೆಯದು. ಆದ್ದರಿಂದ ಹುಲ್ಲು ಕೀಳುವಷ್ಟೇ ಮುಖ್ಯ ಕೆಲಸ ಕಣಿಯ ಹೂಳು ತೆಗೆಯುವುದು. ಕೆಸರು ಮೊಣಕಾಲಿನವರೆಗೆ ಬರುತ್ತದೆ, ಕೆಲವು ಕಡೆ ಅದಕ್ಕೂ ಮೇಲೆ. ಕಾಲು ಹೂತಾಗ ತಿರುಚಿ ಎಳೆದರೆ ನೋವಾಗುವುದು ಮೊಣಕಾಲಿಗೇ. ನೀವು ಮೊದಲೇ ಹೇಳಿ ಬದುವಿನ ಮೇಲಿನ ಕೆಲಸ ಕೇಳಿ ಪಡೆಯಿರಿ.

ಬದುವಿನ ಕೆಲಸವೆಂದರೆ ನಾಟಿಗೆ ಹುಲಿ ತಯಾರು ಮಾಡುವುದು. ಹುಲಿ ಅಂದರೆ ಅಲ್ಲಿ ನಾಟಿಯ ಕಡ್ಡಿ. ಕಿತ್ತ ಗೆಡ್ಡೆಯ ನೆತ್ತಿಯಲ್ಲಿ ಒಂದು ಸೆಂಟಿಮೀಟರಿನಷ್ಟು ದಪ್ಪ ಉಳಿಯುವಂತೆ ಅಡ್ಡ ಕೊಯ್ಯಬೇಕು, ಎಲೆ ಕತ್ತರಿಸಿ ದಂಟನ್ನು ಸುಮಾರು ಒಂದು ಗೇಣು ಬಿಡಬೇಕು. ಗೆಡ್ಡೆಯ ಭಾಗ ತೀರಾ ತೆಳುವಾದರೆ ಬೇರು ಬಿಡುವ ಜಾಗವೇ ಹೋಗುತ್ತದೆ. ದಪ್ಪ ಬಿಟ್ಟರೆ ಅದು ಕೊಳೆತು ಮೇಲಿನ ಚಿಗುರಿಗೂ ಹತ್ತುತ್ತದೆ. ಕೊಯ್ದ ಮುಖದಲ್ಲಿ ಕಪ್ಪು, ಕಂದು ಕಲೆ ಕಂಡರೆ ಆ ಹುಲಿಯನ್ನು ಬೇರೆ ಇಡಿ, ಒಳ್ಳೆಯದರ ಜೊತೆ ಬೆರೆಸಬೇಡಿ. ಹಸಿ ಕೆಸು ಅಲ್ಲಿಯೂ ತುರಿಸುತ್ತದೆ, ಉದ್ದ ತೋಳಿನ ಅಂಗಿ ಇರಲಿ. ದಂಟಿಗೆ ಗುಲಾಬಿ ಬಣ್ಣದ ಮೊಟ್ಟೆಯ ಗೊಂಚಲು ಅಂಟಿರುವುದು ಕಂಡರೆ ಜೊತೆಗಿರುವ ಊರವರಿಗೆ ತೋರಿಸಿ. ಅದು ಹೊರಗಿನಿಂದ ಬಂದ ಬಸವನಹುಳುವಿನ ಮೊಟ್ಟೆ. ಕೆಸುವಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ, ಕೈಯಿಂದ ಆಯುವುದೇ ದಾರಿ.

ಒಂದು ಜಾಗ್ರತೆ. ಹವಾಯಿಯ ತೋಡು, ಗದ್ದೆಗಳ ನೀರಿನಲ್ಲೂ ಇಲಿಜ್ವರದ ರೋಗಾಣು ಇದೆ. ಕಾಲಿನಲ್ಲಿ ಗಾಯ, ಬಿರುಕು ಇದ್ದರೆ ಇಳಿಯಬೇಡಿ. ಬಂದ ಮೇಲೆ ನಾಲ್ಕು ವಾರದೊಳಗೆ ಜ್ವರ, ಮೀನಖಂಡದ ನೋವು ಬಂದರೆ ಗದ್ದೆಗೆ ಇಳಿದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ.

ಇಲ್ಲಿ ಹೊಳೆಬಾಯಿಯಲ್ಲಿ ಶಾಲಾ ಮಕ್ಕಳಿಂದ ಕಾಂಡ್ಲಾ ಗಿಡ ನೆಡಿಸುತ್ತೇವೆ. ಹವಾಯಿಯಲ್ಲಿ ಅದೇ ಕಾಂಡ್ಲಾವನ್ನು ಪ್ರವಾಸಿಗರಿಂದ ಕಡಿಸುತ್ತಾರೆಂದು ಬರೆದಿದ್ದೀರಿ. ಇದು ಸರಿಯೇ? (ಕುಂಬಳೆ)

ಎರಡೂ ಸರಿ. ಕಾಂಡ್ಲಾ ನಮ್ಮ ಹೊಳೆಬಾಯಿಯದ್ದೇ ಗಿಡ. ಮೀನು, ಏಡಿ, ದಡದ ಮಣ್ಣು ಎಲ್ಲವೂ ಅದರೊಡನೆ ಬೆಳೆದು ಬಂದವು. ಹವಾಯಿಯಲ್ಲಿ ಕಾಂಡ್ಲಾ ಹಿಂದೆ ಇರಲೇ ಇಲ್ಲ. ಗುಡ್ಡದಿಂದ ಕೊಚ್ಚಿ ಬರುವ ಮಣ್ಣನ್ನು ತಡೆಯಲೆಂದು 1902ರಲ್ಲಿ ಮೊಲೊಕಾಯಿ ದ್ವೀಪದಲ್ಲಿ ಫ್ಲೋರಿಡಾದ ಕೆಂಪು ಕಾಂಡ್ಲಾ ನೆಟ್ಟರು. ಅದು ತೇಲಿಕೊಂಡು ಬೇರೆ ದ್ವೀಪಗಳಿಗೂ ಹೋಯಿತು, ಹಳೆಯ ಮೀನುಕೆರೆಗಳ ಕಲ್ಲುಗೋಡೆಗಳನ್ನು ಹಿಡಿಯಿತು.

ಓವಾಹು ದ್ವೀಪದ ಹೆಎಇಯಾ ಮೀನುಕೆರೆಯನ್ನೇ ನೋಡಿ. 88 ಎಕರೆ ನೀರು, ಸುತ್ತ ಸುಮಾರು 2 ಕಿಲೋಮೀಟರ್ ಉದ್ದದ ಗೋಡೆ. ಕಟ್ಟಿ 600ರಿಂದ 800 ವರ್ಷ ಆಗಿದೆ ಎಂದು ಅಂದಾಜು. ಗೋಡೆಯ ಎರಡು ಮುಖಕ್ಕೆ ಕರಿಯ ಲಾವಾ ಕಲ್ಲು, ನಡುವೆ ಹವಳದ ತುಂಡುಗಳ ತುಂಬುವಿಕೆ, ಗಾರೆ ಎಲ್ಲಿಯೂ ಇಲ್ಲ. ನೀರು ಗೋಡೆಯ ಮೂಲಕ ಮೆಲ್ಲ ಒಸರುತ್ತದೆ. ನಡುನಡುವೆ ಮಾಕಾಹಾ ಎಂಬ ಕಿಂಡಿಗಳಿವೆ. ಅವುಗಳ ಕಡ್ಡಿಗಳ ಸಂದಿಯಲ್ಲಿ ಮರಿಮೀನು ಒಳಗೆ ನುಗ್ಗುತ್ತದೆ, ತಿಂದು ದಪ್ಪವಾದ ಮೇಲೆ ಹೊರಗೆ ಹೋಗಲಾಗುವುದಿಲ್ಲ. ನಮ್ಮ ಹೂಮೀನು ಅಲ್ಲಿಯೂ ಉಂಟು, ಹೆಸರು ಅವಾ. 1965ರ ನೆರೆಗೆ ಈ ಗೋಡೆ ಒಡೆಯಿತು. ಆಮೇಲೆ ಕೆರೆಯನ್ನು ನೋಡುವವರಿಲ್ಲದೆ ಕಾಂಡ್ಲಾ ಕಾಡಾಯಿತು. ಬೇರು ಕಲ್ಲಿನ ಸಂದಿಗೆ ಇಳಿದು, ದಪ್ಪವಾಗುತ್ತ ಹೋಗಿ ಕಲ್ಲನ್ನು ಸಮುದ್ರಕ್ಕೆ ದೂಡಿತು. 2001ರಲ್ಲಿ ಪೈಪೈ ಓ ಹೆಎಇಯಾ ಎಂಬ ಊರವರ ಸಂಸ್ಥೆ ಹುಟ್ಟಿ, ಜನ ಸೇರಿಸಿ, 2015ರ ಡಿಸೆಂಬರಿನಲ್ಲಿ ಆ ಒಡಕನ್ನು ಮುಚ್ಚಿದರು. ಐವತ್ತು ವರ್ಷ ತೆರೆದಿದ್ದ ಬಾಯಿ ಅದು.

ಕಡಿಯುವ ಕ್ರಮ ಹೀಗೆ. ದೊಡ್ಡ ಮರವನ್ನು ತರಬೇತಿ ಇದ್ದವರು ಯಂತ್ರದಿಂದ ಕೊಯ್ಯುತ್ತಾರೆ. ಸ್ವಯಂಸೇವಕರ ಕೈಗೆ ಸಿಗುವುದು ಕೈಗರಗಸ, ಕತ್ತಿ ಮತ್ತು ಹೊರುವ ಕೆಲಸ. ಕೊಂಬೆಗಳಂತೆ ಇಳಿದ ಬೇರುಗಳನ್ನು ಗೋಡೆಯ ಮಟ್ಟಕ್ಕೆ ಕೊಯ್ದು ಬಿಡಬೇಕು. ಸಂದಿಯೊಳಗಿನ ಬೇರನ್ನು ಎಳೆಯಲೇಬಾರದು, ಎಳೆದರೆ ಅದು ಹಿಡಿದುಕೊಂಡ ಕಲ್ಲೂ ಬರುತ್ತದೆ. ಕೆಂಪು ಕಾಂಡ್ಲಾ ಬುಡದಿಂದ ಪುನಃ ಚಿಗುರುವುದು ಕಡಿಮೆ, ಆದ್ದರಿಂದ ಮದ್ದು ಹಚ್ಚದೆಯೂ ಸಾಯುತ್ತದೆ. ಕಷ್ಟ ಇರುವುದು ಬೀಜದಲ್ಲಿ. ಪೆನ್ಸಿಲಿನಂತೆ ಉದ್ದದ ಮೊಳಕೆಗಳು ತಿಂಗಳುಗಟ್ಟಲೆ ತೇಲಿ ಬಂದು ಪುನಃ ಊರುತ್ತವೆ. ಎರಡು ಎಲೆ ಇರುವಾಗ ಎರಡು ಬೆರಳಿಗೆ ಬರುವ ಗಿಡ, ಮೂರು ವರ್ಷ ಬಿಟ್ಟರೆ ಗರಗಸಕ್ಕೂ ಕಷ್ಟ. ಹೊಸಬರನ್ನು ಮೊದಲು ಮೊಳಕೆ ಕೀಳಲು ಕಳಿಸುವುದು ಅದಕ್ಕೇ. ಅದನ್ನು ಸಣ್ಣ ಕೆಲಸ ಎಂದು ಎಣಿಸಬೇಡಿ, ಗೋಡೆ ಉಳಿಯುವುದು ಅದರಿಂದಲೇ.

ನಾನು ಮುರಕಲ್ಲಿನ ಕೆಲಸ ಮಾಡುವವ. ಗಾರೆ ಇಲ್ಲದ ಅವರ ಕಟ್ಟೆಗಳು ಭೂಕಂಪದಲ್ಲಿ ನಿಲ್ಲುತ್ತವೆಯೇ? ನನ್ನಂಥವನು ಹೋದರೆ ಕಲ್ಲು ಇಡಲು ಬಿಡುತ್ತಾರೆಯೇ? (ಪೆರ್ಲ)

ಎರಡನೆಯದಕ್ಕೆ ಮೊದಲು ಉತ್ತರ: ಒಂದು ದಿನಕ್ಕೆ ಬಂದವರಿಗೆ ಬಿಡುವುದಿಲ್ಲ, ಬಿಡಬಾರದು ಕೂಡ. ಹೆಯಿಯಾವ್ ಎಂದರೆ ಅವರ ಪೂಜಾಸ್ಥಳ, ಹೆಚ್ಚಿನವು ಕಲ್ಲು ಜೋಡಿಸಿ ಎತ್ತಿದ ದೊಡ್ಡ ಜಗಲಿಗಳು. 1819ರಲ್ಲಿ ಹಳೆಯ ಕಟ್ಟುಪಾಡುಗಳನ್ನು ರಾಜಮನೆತನವೇ ಮುರಿದ ಮೇಲೆ ಪೂಜೆ ನಿಂತಿತು, ಮೂರ್ತಿಗಳನ್ನು ಸುಟ್ಟರು. ಮುಂದೆ ಎಷ್ಟೋ ಕಟ್ಟೆಗಳ ಕಲ್ಲು ಬೇರೆ ಕಟ್ಟೋಣಕ್ಕೆ ಹೋಯಿತು. ಉಳಿದದ್ದರಲ್ಲಿ ಯಾವ ಕಲ್ಲು ಎಲ್ಲಿತ್ತು ಎಂಬುದೇ ಪುರಾವೆ. ಅಸ್ಥಿ ಇಟ್ಟ ಜಾಗಗಳೂ ಹತ್ತಿರದಲ್ಲಿರಬಹುದು. ಎಲುಬು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ ಸರಕಾರದ ಇಲಾಖೆಗೆ ತಿಳಿಸಬೇಕೆಂಬುದು ಅಲ್ಲಿನ ಕಾನೂನು.

ಭೂಕಂಪದ ಪ್ರಶ್ನೆ ಒಳ್ಳೆಯದು. ಕಮೇಹಮೇಹ ಅರಸ 1790–91ರಲ್ಲಿ ಕಟ್ಟಿಸಿದ ಪುಉಕೊಹೊಲಾ ಹೆಯಿಯಾವ್ ‘ದೊಡ್ಡ ದ್ವೀಪ’ (ಬಿಗ್ ಐಲ್ಯಾಂಡ್) ಎಂದು ಕರೆಯುವ ಹವಾಯಿ ದ್ವೀಪದಲ್ಲಿದೆ. ಅದರ ಕಲ್ಲುಗಳನ್ನು ದೂರದ ಕಣಿವೆಯಿಂದ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು ಎಂದು ಹೇಳಿಕೆ. 2006ರ ಅಕ್ಟೋಬರ್ 15ರ 6.7 ತೀವ್ರತೆಯ ಭೂಕಂಪಕ್ಕೆ ಅದರ ಕೆಲವು ಭಾಗ ಕುಸಿದವು. ಪುನಃ ಕಟ್ಟಿದ್ದು ಸಿಮೆಂಟಿಲ್ಲದೆ, ಉಹಾವ್ ಹುಮು ಪೋಹಾಕು ಎಂಬ ಹಳೆಯ ಕ್ರಮ ಕಲಿತವರ ಕೈಯಿಂದ. ಗಾರೆ ಇಲ್ಲದ ಗೋಡೆ ಅಲುಗಿದಾಗ ಸ್ವಲ್ಪ ಸರಿದು ಪುನಃ ಕೂತುಕೊಳ್ಳುತ್ತದೆ. ಬಿದ್ದರೂ ಅದೇ ಕಲ್ಲಿನಿಂದ ಎಬ್ಬಿಸಬಹುದು. ಸಿಮೆಂಟಿನ ಗೋಡೆ ಸೀಳಿದರೆ ಗಟ್ಟಿಯಾಗಿ ಅಂಟಿದ ತುಂಡುಗಳೇ ಸಿಗುತ್ತವೆ.

ಅವರ ಸೂತ್ರಗಳು ನಿಮಗೆ ಹೊಸದಾಗಿ ಕಾಣಲಿಕ್ಕಿಲ್ಲ. ನಿಹೋ, ಅಂದರೆ ಹಲ್ಲು ಎಂದು ಕರೆಯುವ ದೊಡ್ಡ ಕಲ್ಲುಗಳು ಬುಡದಲ್ಲಿ ಅರ್ಧ ಹೂತು ಕೂರುತ್ತವೆ. ಕಲ್ಲಿನ ಉದ್ದ ಗೋಡೆಯ ಒಳಕ್ಕೆ ಹೋಗಬೇಕು. ಚಂದ ಕಾಣಲೆಂದು ಉದ್ದವನ್ನು ಹೊರಮುಖಕ್ಕೆ ಅಡ್ಡ ಇಟ್ಟರೆ ಆ ಕಲ್ಲು ಮೊದಲು ಉದುರುತ್ತದೆ. ಗೋಡೆ ಒಳಕ್ಕೆ ಸ್ವಲ್ಪ ವಾಲಬೇಕು. ಒಳಗಿನ ಹಕಹಕ, ಅಂದರೆ ಸಣ್ಣ ಕಲ್ಲಿನ ತುಂಬು, ಬುಟ್ಟಿಯಿಂದ ಸುರಿಯುವ ವಸ್ತು ಅಲ್ಲ, ಒಂದೊಂದಾಗಿ ಕೈಯಲ್ಲಿ ಇಡಬೇಕು. ಬಂದವರು ಅವಸರ ಮಾಡಿ ಕೆಡಿಸುವುದು ಇದನ್ನೇ. ಮೇಲಿನಿಂದ ನೋಡಲು ತುಂಬಿದಂತೆ ಕಾಣುತ್ತದೆ, ಆರು ತಿಂಗಳಲ್ಲಿ ಒಳಗೆ ಕುಸಿದು ಮುಖದ ಕಲ್ಲು ಹೊಟ್ಟೆ ಬಿಡುತ್ತದೆ. ನಿಮ್ಮಂಥ ಕಸುಬುದಾರರು ಕೆಲವು ವಾರ ಉಳಿಯುವುದಾದರೆ ಮುಂಚಿತವಾಗಿ ಬರೆದು, ಕಲ್ಲು ಆಯ್ದು ಕೊಡುವ ಕೆಲಸಕ್ಕೆ ಬರುತ್ತೇನೆಂದು ಕೇಳಿ. ಕೈ ನೋಡಿದ ಮೇಲೆ ಅವರೇ ಮುಂದಕ್ಕೆ ಕರೆಯುತ್ತಾರೆ.

ನಮ್ಮ ಪದ್ಧತಿಯಂತೆ ಹಿಂಗಾರ, ತೆಂಗಿನಕಾಯಿ ಅರ್ಪಿಸಿ ಕೆಲಸ ಸುರುಮಾಡಬಹುದೇ? ಒಂದು ಸಣ್ಣ ಕಲ್ಲು ಮನೆಗೆ ತರಬಹುದೇ? (ಮುಳ್ಳೇರಿಯ)

ಎರಡೂ ಬೇಡ. ಹೊರದೇಶದ ಹೂವು, ಕಾಯಿ, ಬೀಜ, ಮಣ್ಣು ತಂದರೆ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಅದಕ್ಕೆ ಕಾರಣವೂ ಇದೆ. ನಮ್ಮ ತೆಂಗಿನ ತೋಟಗಳಿಗೆ ಗೊತ್ತಿರುವ ಕುರುವಾಯಿ ದುಂಬಿ 2013ರ ಡಿಸೆಂಬರಿನಲ್ಲಿ ಓವಾಹುವಿನಲ್ಲಿ ಮೊದಲು ಕಂಡಿತು, ಈಗ ಅಲ್ಲಿನ ತೆಂಗು, ತಾಳೆಗಳನ್ನು ತಿನ್ನುತ್ತಿದೆ. ಅಲ್ಲೇ ಸಿಗುವ ‘ಟೀ’ ಎಂಬ ಗಿಡದ (ಚಹಾ ಅಲ್ಲ) ಎಲೆಯಲ್ಲಿ ಕಲ್ಲು ಸುತ್ತಿ ಕಟ್ಟೆಯ ಮೇಲಿಡುವ ಚಾಳಿ ಪ್ರವಾಸಿಗರಲ್ಲಿದೆ, ಅದನ್ನೂ ಮಾಡಬೇಡಿ. ಆ ಕಲ್ಲು ಎಲ್ಲಿಂದಲೋ ಕಿತ್ತದ್ದು, ಮೇಲಿಟ್ಟ ತಿಂಡಿ, ಹಣ್ಣು ಇಲಿ, ಇರುವೆಗೆ.

ಸ್ಥಳದವರು ಒಳಗೆ ಕರೆಯುವ ಮೊದಲು ಓಲಿ ಹೇಳುತ್ತಾರೆ, ಅಂದರೆ ರಾಗವಾಗಿ ಅಪ್ಪಣೆ ಕೇಳುವುದು. ಟೋಪಿ, ಕಪ್ಪು ಕನ್ನಡಕ ತೆಗೆದು ಸುಮ್ಮನೆ ನಿಂತರೆ ಸಾಕು. ದೈವಸ್ಥಾನದ ಅಂಗಳದಲ್ಲಿ ಪ್ರಾರ್ಥನೆ ಆಗುವಾಗ ನಿಲ್ಲುವ ಹಾಗೆ. ಯಾವ ಊರು, ಯಾರ ಮನೆಯವರು ಎಂದು ಒಂದೆರಡು ಮಾತು ಹೇಳಲು ಕೇಳಿದರೆ ಹೇಳಿ. ಮನಸ್ಸಿಟ್ಟು ಕೊಡುವ ಅರ್ಪಣೆಗೆ ಅವರ ಮಾತು ಹೊಓಕುಪು, ಕೆಲಸವನ್ನೂ ಹಾಡನ್ನೂ ಅದಕ್ಕೆ ಸೇರಿಸುತ್ತಾರೆ.

ವೀಸಾಕ್ಕೆ ಏನು ಹೇಳಬೇಕು? ಏನೇನು ಕಟ್ಟಿಕೊಳ್ಳಬೇಕು? (ಉಪ್ಪಳ ಮತ್ತು ಹೊಸಂಗಡಿಯಿಂದ)

ಪ್ರವಾಸದ ನಡುವೆ ಅರ್ಧ ದಿನದ ಊರವರ ಕೆಲಸಕ್ಕೆ ಸೇರುವುದು ಬೇರೆ, ಇಡೀ ಪ್ರವಾಸವೇ ಸ್ವಯಂಸೇವೆಗೆ ಎನ್ನುವುದು ಬೇರೆ. ಎರಡನೆಯದಾದರೆ ಕರೆಸುವ ಸಂಸ್ಥೆಯಿಂದ ಪತ್ರ ಬೇಕು. ನಿಮ್ಮ ಹೆಸರು, ಹುಟ್ಟಿದ ದಿನ ಮತ್ತು ಊರು, ಇಲ್ಲಿಯ ಕಾಯಂ ವಿಳಾಸ, ಅಲ್ಲಿ ಮೊದಲು ಇಳಿಯುವ ವಿಳಾಸ, ಎಷ್ಟು ದಿನ ಎಂಬುದು ಅದರಲ್ಲಿರಲಿ. ಸಂಬಳ ಪಡೆಯುವಂತಿಲ್ಲ. ಅರ್ಜಿಯಲ್ಲಿ, ಸಂದರ್ಶನದಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿ. ಕೆಲವು ಹೋಟೆಲುಗಳು ಸ್ವಯಂಸೇವೆ ಮಾಡಿದವರಿಗೆ ರಿಯಾಯಿತಿ, ಒಂದು ರಾತ್ರಿ ಹೆಚ್ಚುವರಿ ವಾಸ ಕೊಡುತ್ತವೆ. ಅದನ್ನು ನೋಡಿ ಜಾಗ ಆರಿಸಬೇಡಿ. ಜಾಗ ಆರಿಸಿದ ಮೇಲೆ ಸಿಕ್ಕಿದರೆ ತೆಗೆದುಕೊಳ್ಳಿ. ಕೆಲಸದ ದಿನಗಳು ಹೆಚ್ಚಾಗಿ ಶನಿವಾರ ಬೆಳಿಗ್ಗೆ, ಹೆಸರು ಮೊದಲೇ ಕೊಡಬೇಕು. ಫೋನು ಮಾಡುವವರಿಗೆ ನೆನಪಿರಲಿ, ಹವಾಯಿ ನಮ್ಮಿಂದ ಹದಿನೈದೂವರೆ ಗಂಟೆ ಹಿಂದೆ.

ಕಟ್ಟಿಕೊಳ್ಳುವುದರಲ್ಲಿ ಮುಖ್ಯ ಶೂ. ದೊಡ್ಡ ದ್ವೀಪದ ಓಹಿಯಾ ಮರಗಳಿಗೆ ಒಂದು ಶಿಲೀಂಧ್ರ ರೋಗ ಹತ್ತಿದೆ, 2014ರಲ್ಲಿ ಗುರುತಿಸಿದರು. ಹಸಿರಾಗಿದ್ದ ಮರ ಕೆಲವೇ ವಾರಗಳಲ್ಲಿ ಒಣಗುತ್ತದೆ. ರೋಗ ಶೂವಿನ ಮಣ್ಣಿನಲ್ಲೂ ಕತ್ತಿಯ ಬಾಯಿಯಲ್ಲೂ ಹೋಗುತ್ತದೆ. ಮೊದಲು ಬ್ರಷ್‌ನಿಂದ ಮಣ್ಣು ಪೂರ್ತಿ ತೆಗೆಯಿರಿ, ಆಮೇಲೆ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ ಒಣಗಲು ಬಿಡಿ. ಮಣ್ಣಿನ ಮೇಲೆಯೇ ಸಿಂಪಡಿಸಿದರೆ ಅದು ಒಳಗೆ ಇಳಿಯುವುದಿಲ್ಲ, ಹೆಚ್ಚಿನವರು ತಪ್ಪುವುದು ಇಲ್ಲಿ. ಅಡಿಕೆ ತೋಟದಲ್ಲಿ ಮೆಟ್ಟಿದ ಶೂವನ್ನು ಹಾಗೆಯೇ ಚೀಲಕ್ಕೆ ಹಾಕಬೇಡಿ, ಮನೆಯಲ್ಲೇ ತೊಳೆದು ಒಣಗಿಸಿ. ಹವಾಯಿಯಿಂದ ಅಮೆರಿಕದ ಮುಖ್ಯಭೂಮಿಗೆ ಹಾರುವಾಗಲೂ ಕೃಷಿ ತಪಾಸಣೆ ಇದೆ.

ಬಾಂಬಿನ ದ್ವೀಪ ಎಂದು ಬರೆದಿದ್ದಿರಲ್ಲ, ಅಲ್ಲಿಗೂ ಹೋಗಬಹುದೇ? (ಕಾಸರಗೋಡು)

ಕಹೊಓಲವೆ. 1941ರಿಂದ 1990ರವರೆಗೆ ಅಮೆರಿಕದ ನೌಕಾಪಡೆ ಅಲ್ಲಿ ಗುರಿ ಅಭ್ಯಾಸ ಮಾಡಿತು. ಜನ ಎದುರಿಸಿ ನಿಂತ ಮೇಲೆ 1994ರಲ್ಲಿ ರಾಜ್ಯಕ್ಕೆ ಮರಳಿತು. ದ್ವೀಪದ ಮುಕ್ಕಾಲು ಭಾಗದ ಮೇಲ್ಮೈ ಮಾತ್ರ ಶುಚಿಯಾಗಿದೆ, ನಾಲ್ಕು ಅಡಿ ಆಳದವರೆಗೆ ಶುಚಿಯಾದದ್ದು ಹತ್ತರಲ್ಲಿ ಒಂದು ಪಾಲು. ಹಾಗಾಗಿ ಅಪ್ಪಣೆ ಪಡೆದ ತಂಡದ ಜೊತೆ ಮಾತ್ರ ಪ್ರವೇಶ, ಗುರುತು ಹಾಕಿದ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಲ್ಲ. ಮೊದಲ ಸಲ ಹೋಗುವವರು ಇದನ್ನು ಆರಿಸಬೇಡಿ.

ನಮ್ಮ ಕುಟುಂಬದ ನಾಗಬನದ ಮುರಕಲ್ಲಿನ ಕಟ್ಟೆಯಲ್ಲಿ ಗೋಳಿ ಹುಟ್ಟಿ ಒಂದು ಬದಿ ಉಬ್ಬಿದೆ. ಎಲ್ಲ ತೆಗೆದು ಕಾಂಕ್ರೀಟು ಹಾಕೋಣ ಎನ್ನುವವರಿದ್ದಾರೆ. ಬೆಂಗಳೂರು, ಗಲ್ಫಿನಲ್ಲಿರುವ ಮಕ್ಕಳು ರಜೆಯಲ್ಲಿ ಬಂದು ಕರಸೇವೆಗೆ ತಯಾರಿದ್ದಾರೆ. ಹವಾಯಿಯ ಕ್ರಮ ಇಲ್ಲಿಗೆ ಆಗುತ್ತದೆಯೇ? (ಬದಿಯಡ್ಕ)

ಆಗುತ್ತದೆ. ದಯವಿಟ್ಟು ಕಾಂಕ್ರೀಟು ಹಾಕಬೇಡಿ. ಮುರಕಲ್ಲು ನೀರು ಕುಡಿಯುವ ಕಲ್ಲು, ಕುಡಿದದ್ದನ್ನು ಬಿಡಲು ದಾರಿ ಬೇಕು. ಸಂದಿಗೆ ಸಿಮೆಂಟು ತುಂಬಿದರೆ ಆಟಿಯ ಮಳೆಯ ನೀರು ಕಟ್ಟೆಯ ಹಿಂದೆ ನಿಂತು ಇಡೀ ಗೋಡೆಯನ್ನು ಹೊರಗೆ ದೂಡುತ್ತದೆ. ನೆಲಕ್ಕೂ ಕಾಂಕ್ರೀಟು ಹಾಕಿದರೆ ಬನದ ಮರಗಳ ಬೇರಿಗೆ ನೀರಿಲ್ಲ, ಹುತ್ತಕ್ಕೆ ಜಾಗವಿಲ್ಲ.

ತಂತ್ರಿಗಳು, ಕುಟುಂಬದ ಹಿರಿಯರು ಅಪ್ಪಣೆ ಕೊಟ್ಟ ಮೇಲೆಯೇ ಕೆಲಸ. ನಾಗನ ಕಲ್ಲನ್ನು ಕರಸೇವಕರು ಮುಟ್ಟುವುದಿಲ್ಲ ಎಂದು ಮೊದಲ ದಿನವೇ ಎಲ್ಲರಿಗೂ ಹೇಳಿ, ಹಗ್ಗ ಕಟ್ಟಿ ಗೆರೆ ಹಾಕಿ. ಆಮೇಲೆ ಉಬ್ಬು ಅಳೆಯಿರಿ. ಕಟ್ಟೆಯ ತುದಿಯಿಂದ ತೂಗುಗುಂಡು ಇಳಿಸಿ, ದಾರ ಮತ್ತು ಕಲ್ಲಿನ ಅಂತರವನ್ನು ಅರ್ಧರ್ಧ ಅಡಿಗೆ ಬರೆದಿಡಿ. ಮಳೆಗಾಲ ಕಳೆದು ಪುನಃ ಅಳೆದಾಗ ವ್ಯತ್ಯಾಸ ಇಲ್ಲದಿದ್ದರೆ ಕಟ್ಟೆ ಬಿಚ್ಚುವ ಅಗತ್ಯವೇ ಇಲ್ಲ, ಗೋಳಿಯನ್ನು ಮಾತ್ರ ನೋಡಿಕೊಂಡರೆ ಸಾಕು.

ಗೋಳಿ ಕಾಂಡ್ಲಾದ ಹಾಗಲ್ಲ, ಕಡಿದಲ್ಲಿ ಹತ್ತು ಚಿಗುರು. ಕಲ್ಲಿನ ಮಟ್ಟಕ್ಕೆ ಕೊಯ್ದು, ಹದಿನೈದು ದಿನಕ್ಕೊಮ್ಮೆ ಚಿಗುರನ್ನು ಬೆರಳಿನಿಂದ ಚಿವುಟಬೇಕು. ಒಂದು ವರ್ಷ ಬಿಡದೆ ಮಾಡಿದರೆ ಬೇರಿನ ಶಕ್ತಿ ಮುಗಿಯುತ್ತದೆ. ಈ ಕೆಲಸ ರಜೆಗೆ ಬರುವ ಮಕ್ಕಳದ್ದಲ್ಲ, ಊರಲ್ಲೇ ಇರುವ ಒಬ್ಬರು ವಹಿಸಿಕೊಳ್ಳಬೇಕು. ಕಳೆನಾಶಕ ಹಚ್ಚಿದರೆ ಬೇಗ ಸಾಯುತ್ತದೆ ಎಂದು ಯಾರಾದರೂ ಹೇಳಿಯಾರು. ಎಂಡೋಸಲ್ಫಾನ್ ಕೀಟನಾಶಕ, ಇದು ಬೇರೆ ವಸ್ತು, ನಿಜ. ಆದರೂ ಸಿಂಪಡಿಸಿದ ಎಂಡೋಸಲ್ಫಾನ್ ಪಡ್ರೆ ಗ್ರಾಮದ ತೋಡುಗಳಿಗೆ ಇಳಿದದ್ದನ್ನು ನೋಡಿದ ಜಿಲ್ಲೆ ನಮ್ಮದು. ಬನದ ಕೆಳಗೆ ನೀರಿನ ಸುರಂಗವೋ ಬಾವಿಯೋ ಇರುವಲ್ಲಿ ವಿಷದ ಕ್ಯಾನು ತೆರೆಯಬೇಡಿ.

ಬಿಚ್ಚಲೇಬೇಕಾದರೆ ಉಬ್ಬಿದ ಭಾಗ, ಎರಡೂ ಬದಿಗೆ ಎರಡೆರಡು ಕಲ್ಲು, ಅಷ್ಟೇ. ಮೊದಲು ಎದುರಿನಿಂದ ಫೋಟೋ ತೆಗೆಯಿರಿ, ಅಳತೆಕೋಲು ಚಿತ್ರದೊಳಗೆ ಇರಲಿ. ಪ್ರತಿ ಕಲ್ಲಿಗೂ ಸೀಮೆಸುಣ್ಣದಲ್ಲಿ ಸಾಲು, ಸಂಖ್ಯೆ ಬರೆಯಿರಿ. ಪೈಂಟು ಬೇಡ, ಅದು ಮುರಕಲ್ಲಿನ ತೂತುಗಳಿಗೆ ಇಳಿದರೆ ಮತ್ತೆ ಹೋಗದು. ತೆಗೆದ ಕಲ್ಲನ್ನು ರಾಶಿ ಹಾಕದೆ ನೆಲದ ಮೇಲೆ ಅದೇ ಸಾಲಿನಲ್ಲಿ ಹರಡಿ ಇಡಿ. ಪುನಃ ಇಡುವಾಗ ಬುಡದ ಸಾಲು ಅರ್ಧ ಅಡಿಯಾದರೂ ನೆಲದೊಳಗೆ, ಗಟ್ಟಿ ಮುರದ ಮೇಲೆ ಕೂರಲಿ. ಒಂದು ಅಡಿ ಎತ್ತರಕ್ಕೆ ಒಂದು ಇಂಚು ಒಳವಾಲು ಕೊಡಿ. ಎರಡು ಕಲ್ಲಿನ ಸಂದಿಯ ಮೇಲೆ ಮೇಲಿನ ಕಲ್ಲಿನ ನಡುಭಾಗ ಬರಲಿ. ಹಿಂದೆ ಮಣ್ಣು ತುಂಬಬೇಡಿ, ಮುರದ ಚೂರನ್ನೇ ಕೈಯಲ್ಲಿ ಜೋಡಿಸಿ. ಸತ್ತ ಬೇರು ಬಿಟ್ಟುಹೋದ ಪೊಟ್ಟು ಕಂಡರೆ ಅಲ್ಲಿಗೂ ಚೂರು ತುರುಕಿ. ಪ್ರತಿ ಸಾಲು ಮುಗಿದ ಮೇಲೆ ಒಬ್ಬರು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ನಡೆಯಲಿ. ಟಕ್ ಎಂದು ಅಲುಗಿದ ಕಲ್ಲನ್ನು ಆಗಲೇ ತೆಗೆದು ಸರಿಮಾಡಿ, ಮೇಲಿನ ಸಾಲು ಅದನ್ನು ಅದುಮಿ ಸರಿಮಾಡುತ್ತದೆ ಎಂದು ಬಿಡಬೇಡಿ.

ಬನದೊಳಗಿನ ತರಗೆಲೆ ಗುಡಿಸಬೇಡಿ. ರೆಂಜೆ, ಹಾಲೆ, ನಾಗಸಂಪಿಗೆಯ ಮೊಳಕೆ ಹುಟ್ಟುವುದು ಅದರಡಿಯಲ್ಲಿ. ಕಮ್ಯುನಿಸ್ಟ್ ಗಿಡ ಎಂಬ ಕಳೆಯನ್ನು ಮಾತ್ರ ಮಣ್ಣು ಇನ್ನೂ ಮೆತ್ತಗಿರುವ ಅಕ್ಟೋಬರ್–ನವೆಂಬರಿನಲ್ಲಿ, ಹೂ ಬಿಡುವ ಮೊದಲು ಬೇರು ಸಹಿತ ಕೀಳಿ. ಕತ್ತಿಯಲ್ಲಿ ಸವರಿದರೆ ಪುನಃ ಚಿಗುರುತ್ತದೆ. ಒಳಗೆ ಕಾಲಿಡುವ ಮುಂಚೆ ಕೋಲಿನಿಂದ ನೆಲ ತಟ್ಟಿ, ಗಂಬೂಟು ಹಾಕಿ. ಹತ್ತು ಮಂದಿಗೆ ಒಬ್ಬ ತಿಳಿದವರು ಬೇಕು, ಅದಕ್ಕಿಂತ ಹೆಚ್ಚು ಜನ ಬಂದರೆ ಹೊರಗೆ ಕಲ್ಲು ಹೊರಲು, ಚೂರು ಆಯಲು ಕಳಿಸಿ. ಕಲ್ಲಿನ ಕೆಲಸ ಡಿಸೆಂಬರಿನಲ್ಲಿ ಹಿಡಿದು ಬಿಸುವಿನ ಮೊದಲು ಮುಗಿಸಿ.

ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಬೇಕಲ ಕೋಟೆಯಂಥ ಜಾಗಗಳಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಒಂದು ಕಲ್ಲು ಸರಿಸಲೂ ಇಲಾಖೆಯ ಅನುಮತಿ ಬೇಕು.

ಜೂನಿನ ಮೊದಲ ಜಡಿಮಳೆಯ ದಿನ ಕಟ್ಟೆಯ ಎದುರು ನಿಂತು ನೋಡಿ. ಸಂದಿಗಳಿಂದ ತಿಳಿನೀರು ಇಳಿಯುತ್ತಿದ್ದರೆ ಸರಿ. ಕೆಂಪು ಕದಡಿದ ನೀರು ಒಂದೇ ಕಡೆಯಿಂದ ಬರುತ್ತಿದ್ದರೆ ಒಳಗಿನ ಮಣ್ಣು ಕೊಚ್ಚುತ್ತಿದೆ ಎಂದರ್ಥ. ಆ ಕಲ್ಲಿನ ಸಂಖ್ಯೆ ಬರೆದಿಟ್ಟು, ಮಳೆ ಬಿಟ್ಟ ಮೇಲೆ ಅದೊಂದನ್ನೇ ತೆಗೆದು ಹಿಂದಿನ ತುಂಬು ಸರಿಮಾಡಿ.